ಬರೆದು ಕೊಡುವವರು ಯಾರು? - ಸೆಂಟ್‌ಓಎಸ್‌ನ ಕಥೆ

ಲಿನಕ್ಸ್ ಪುಕ್ಕಟೆ ಸಿಗುತ್ತದೆ ಅನ್ನೋದು ನಮಗೆಲ್ಲ ಗೊತ್ತು. ಹಾಗಿದ್ದ ಮೇಲೆ ಕಂಪನಿಗಳು ಅದಕ್ಕೆ ವರ್ಷಾವರ್ಷ ಚಂದಾ ಯಾಕೆ ಕಟ್ಟುತ್ತವೆ? ಕಟ್ಟದವರು ಏನು ಮಾಡುತ್ತಾರೆ? ವ್ಯವಹಾರಕ್ಕೆ ಯಾವ ಲಿನಕ್ಸ್ ಒಳ್ಳೆಯದು ಅಂತ ನನ್ನನ್ನು ಕೇಳುವವರಿಗೆಲ್ಲ ಒಂದೇ ಸಾಲಿನ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಉತ್ತರಕ್ಕಿಂತ ಅದರ ಹಿಂದಿನ ಇಪ್ಪತ್ತು ವರ್ಷದ ಕಥೆ ಸ್ವಾರಸ್ಯವಾಗಿದೆ. ಅದನ್ನೇ ಇವತ್ತು ಬರೆದು ಹಾಕುತ್ತಿದ್ದೇನೆ. ನಮ್ಮ ಬ್ಲಾಗಿಗರಲ್ಲಿ ಅರ್ಧ ಜನ ಸಾಫ್ಟ್‌ವೇರಿನವರೇ ಆದ್ದರಿಂದ ಕೆಲವರಿಗೆ ಇದು ಗೊತ್ತಿದ್ದ ಸಂಗತಿ ಇರಬಹುದು, ಉಳಿದರ್ಧ ಜನರಿಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಬಲ್ಲವರು ಸಹಿಸಿಕೊಳ್ಳಿ.

ಮೊದಲು 'ಎಂಟರ್‌ಪ್ರೈಸ್ ಲಿನಕ್ಸ್' ಅಂದರೆ ಏನು ಅನ್ನೋದು. ಅದು ಬೇರೆ ಜಾತಿಯ ಲಿನಕ್ಸ್ ಅಲ್ಲ. ಒಂದು ದಿನ ಎಲ್ಲ ತಂತ್ರಾಂಶಗಳ ಆವೃತ್ತಿಗಳನ್ನು ಇದ್ದಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆಮೇಲೆ ಹತ್ತು ವರ್ಷ ಹೊಸ ಆವೃತ್ತಿ ತರುವ ಗೋಜಿಗೆ ಬಹುಮಟ್ಟಿಗೆ ಹೋಗುವುದಿಲ್ಲ. ಹೊಸ ಆವೃತ್ತಿಯಲ್ಲಿ ಒಂದು ತೂತು ಮುಚ್ಚಿದ್ದರೆ, ಆ ತೇಪೆಯನ್ನು ಮಾತ್ರ ಬಿಚ್ಚಿ ತಂದು ಹಳೆಯದಕ್ಕೆ ಹೊಲಿಯುತ್ತಾರೆ. ಇದಕ್ಕೆ ಬ್ಯಾಕ್‌ಪೋರ್ಟ್ ಅಂತ ಹೆಸರು. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಅನ್ನುವ ದೊಡ್ಡ ಗಲಾಟೆ ಆಯಿತಲ್ಲ, ಓಪನ್‌ಎಸ್‌ಎಸ್‌ಎಲ್‌ನಲ್ಲಿ? ಮೂಲದವರು 1.0.1ಜಿ ಅನ್ನುವ ಹೊಸ ಆವೃತ್ತಿಯಲ್ಲಿ ಅದನ್ನು ಸರಿ ಮಾಡಿದರು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 6ರಲ್ಲಿ ಮಾತ್ರ ಸಂಖ್ಯೆ 1.0.1ಇ ಅಂತಲೇ ಉಳಿಯಿತು, ಒಳಗೆ ತೇಪೆ ಬಿದ್ದಿತ್ತು. ಸಂಖ್ಯೆ ನೋಡಿಕೊಂಡೇ ವರದಿ ಬರೆಯುವ ಭದ್ರತಾ ಆಡಿಟರ್‌ಗಳ ಜೊತೆ ಈ ವಿಷಯಕ್ಕೆ ಜಗಳವಾಡದ ಸಿಸ್ಟಂ ಅಡ್ಮಿನ್ ನನಗೆ ಇನ್ನೂ ಸಿಕ್ಕಿಲ್ಲ :-) ಇನ್ನೊಂದು ತಮಾಷೆ ಅಂದ್ರೆ, ಅದಕ್ಕಿಂತ ಹಳೆಯ 5ನೇ ಆವೃತ್ತಿಯಲ್ಲಿದ್ದ ಓಪನ್‌ಎಸ್‌ಎಸ್‌ಎಲ್ ಎಷ್ಟು ಹಳೆಯದಾಗಿತ್ತು ಅಂದರೆ, ಆ ತೂತು ಅದರೊಳಗೆ ಇನ್ನೂ ಹುಟ್ಟೇ ಇರಲಿಲ್ಲ!

ಯಾರಿಗೆ ಬೇಕು ಇಷ್ಟು ಹಳೆಯದು? ಬ್ಯಾಂಕಿಗೆ ಬೇಕು, ಆಸ್ಪತ್ರೆಗೆ ಬೇಕು, ಕಾರ್ಖಾನೆಗೆ ಬೇಕು. ಒಂದು ಸಲ ಡೇಟಾಬೇಸು, ಲೆಕ್ಕಪತ್ರದ ತಂತ್ರಾಂಶ ಎಲ್ಲ ಕೂಡಿಸಿ ಓಡಿಸಿದ ಮೇಲೆ ಏಳೆಂಟು ವರ್ಷ ಯಾರೂ ಅದನ್ನು ಮುಟ್ಟಬಾರದು. ಲಿನಕ್ಸ್ ಕರ್ನೆಲ್ 3.10 ಹೊರಬಂದದ್ದು 2013ರ ಜೂನ್‌ನಲ್ಲಿ. ರೆಡ್ ಹ್ಯಾಟ್‌ನ 7ನೇ ಆವೃತ್ತಿ ಅದೇ ಕರ್ನೆಲ್ಲಿಗೆ ತೇಪೆ ಹಾಕುತ್ತಾ 2024ರ ಜೂನ್‌ವರೆಗೆ ಬಾಳಿತು. ಆ ಹನ್ನೊಂದು ವರ್ಷ ದಿನಾ ಕೂತು ಹೊಲಿದವರಿಗೆ ಸಂಬಳ ಬೇಕಲ್ಲ, ಚಂದಾ ಹಣ ಹೋಗುವುದು ಅಲ್ಲಿಗೆ.

*

ಹಿಂದಕ್ಕೆ ಹೋಗೋಣ. ರೆಡ್ ಹ್ಯಾಟ್ ಲಿನಕ್ಸ್ ಮೊದಲು ಬಂದದ್ದು 1994ರಲ್ಲಿ, ಮಾರ್ಕ್ ಯೂಯಿಂಗ್ ಅನ್ನುವವನಿಂದ. ಅವನ ತಾತ ಕೊಟ್ಟಿದ್ದ ಕೆಂಪು ಟೋಪಿಯಿಂದ ಆ ಹೆಸರು ಬಂತು. ಆಮೇಲೆ ಬಾಬ್ ಯಂಗ್ ಜೊತೆ ಸೇರಿಕೊಂಡ, ಕಂಪನಿ ಆಯಿತು. 1999ರ ಆಗಸ್ಟ್‌ನಲ್ಲಿ ಷೇರು ಮಾರುಕಟ್ಟೆಗೂ ಬಂತು. ಆ ದಿನಗಳಲ್ಲಿ ಅಮೆರಿಕದಲ್ಲಿ ರೆಡ್ ಹ್ಯಾಟ್ ಲಿನಕ್ಸನ್ನು ಪೆಟ್ಟಿಗೆಯಲ್ಲಿ ಹಾಕಿ ಅಂಗಡಿಯಲ್ಲಿ ಮಾರುತ್ತಿದ್ದರು. ಬೇಡವಾದವರು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬಹುದಿತ್ತು.

ನಮ್ಮ ಕಡೆ ಇಳಿಸಿಕೊಳ್ಳುವ ಮಾತೆಲ್ಲಿ, ಡಯಲ್ ಅಪ್‌ನಲ್ಲಿ ಒಂದು ಸಿಡಿ ಇಳಿಸುವಷ್ಟರಲ್ಲಿ ಫೋನ್ ಬಿಲ್ಲು ಮನೆ ಮುಳುಗಿಸುತ್ತಿತ್ತು! ಬೆಂಗಳೂರಿನ ಹುಡುಗರ ಕೈಗೆ ಲಿನಕ್ಸ್ ಬಂದದ್ದು ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆ ಬರುತ್ತಿದ್ದ ಸಿಡಿಗಳಿಂದ. 1996ರಲ್ಲಿ ಶುರುವಾದ ಆ ಕೆಲಸದ ಹಿಂದೆ ಇದ್ದವರು ನಮ್ಮ ಬೆಂಗಳೂರಿನವರೇ ಆದ ಅತುಲ್ ಚಿಟ್ನಿಸ್. ಮುಂದೆ ಲಿನಕ್ಸ್ ಬ್ಯಾಂಗಲೋರ್, ಫಾಸ್ ಡಾಟ್ ಇನ್ ಸಮ್ಮೇಳನಗಳನ್ನು ನಡೆಸಿದವರೂ ಅವರೇ, 2013ರಲ್ಲಿ ತೀರಿಕೊಂಡರು. ಪತ್ರಿಕೆಯ ಸಿಡಿ ಮೊದಲು ಬೇರೆ ಲಿನಕ್ಸ್ ಆಗಿದ್ದರೂ ಆಮೇಲಿನ ವರ್ಷಗಳಲ್ಲಿ ರೆಡ್ ಹ್ಯಾಟ್ ಆಧಾರದ್ದಾಗಿತ್ತು. ಹೀಗಾಗಿ ನಮ್ಮಲ್ಲಿ ಬಹಳ ಜನರಿಗೆ ಲಿನಕ್ಸ್ ಅಂದರೆ ರೆಡ್ ಹ್ಯಾಟ್, ರೆಡ್ ಹ್ಯಾಟ್ ಅಂದರೆ ಲಿನಕ್ಸ್ ಅಂತ ಆಗಿಹೋಯಿತು. ಕಾಲೇಜಿನ ಲ್ಯಾಬಿನಲ್ಲಿ, ಸೈಬರ್ ಕೆಫೆಯಲ್ಲಿ, ಸಣ್ಣ ಆಫೀಸಿನ ಮೇಲ್ ಸರ್ವರ್‌ನಲ್ಲಿ ಅದೇ.

(ಕನ್ನಡದಲ್ಲಿ ಬ್ಲಾಗ್ ಬರೆಯುವ ನಮಗೆ ಈ ಕಂಪನಿಯ ಇನ್ನೊಂದು ಋಣವಿದೆ. ಲಿನಕ್ಸ್‌ನಲ್ಲಿ ಕನ್ನಡ ಓದಲು ಬಳಸುತ್ತಿದ್ದ ಲೋಹಿತ್ ಕನ್ನಡ ಅಕ್ಷರಶೈಲಿ ರೆಡ್ ಹ್ಯಾಟ್ ಬಿಡುಗಡೆ ಮಾಡಿದ ಲೋಹಿತ್ ಕುಟುಂಬದ್ದು. ಲೋಹಿತ ಅಂದರೆ ಕೆಂಪು, ಟೋಪಿಯ ಬಣ್ಣ!)

ಕಂಪನಿಗೆ ಆದರೆ ಒಂದು ತಲೆನೋವು. ಸುಮಾರು ಆರು ತಿಂಗಳಿಗೊಂದು ಹೊಸ ಆವೃತ್ತಿ ಬರುತ್ತಿತ್ತು. ಡೇಟಾಬೇಸ್ ಮಾರುವ ಕಂಪನಿಗಳು "ಇದರ ಮೇಲೆ ನಮ್ಮ ತಂತ್ರಾಂಶ ಓಡುತ್ತದೆ" ಅಂತ ಪರೀಕ್ಷೆ ಮಾಡಿ ಹೇಳುವಷ್ಟರಲ್ಲಿ ಇನ್ನೊಂದು ಬಂದಿರುತ್ತಿತ್ತು. ಪೆಟ್ಟಿಗೆ ಮಾರಿ ದುಡ್ಡೂ ಹೆಚ್ಚು ಹುಟ್ಟುತ್ತಿರಲಿಲ್ಲ. 2002ರಲ್ಲಿ ನಿಧಾನಗತಿಯ ಅಡ್ವಾನ್ಸ್‌ಡ್ ಸರ್ವರ್ 2.1 ಬಂತು, ಅದೇ ಮುಂದೆ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ಆಯಿತು. ಇದಕ್ಕೆ ಯಂತ್ರಕ್ಕೆ ಇಷ್ಟು, ವರ್ಷಕ್ಕೆ ಇಷ್ಟು ಅಂತ ಚಂದಾ.

2003ರ ಮಾರ್ಚ್ ಕೊನೆಗೆ ರೆಡ್ ಹ್ಯಾಟ್ ಲಿನಕ್ಸ್ 9 ಬಂದಾಗ ಅದೇ ಹಳೆಯ ಸಾಲಿನ ಕೊನೆಯ ಕುಡಿ ಅಂತ ಕೊಂಡವರಿಗೆ ಗೊತ್ತಿರಲಿಲ್ಲ. ಆ ವರ್ಷದ ಕೊನೆಯ ಹೊತ್ತಿಗೆ ಕಂಪನಿ ಹೇಳಿತು, 7 ಮತ್ತು 8ರ ಸಾಲಿಗೆ ಡಿಸೆಂಬರ್ 31ಕ್ಕೆ ತೇಪೆ ಬಂದ್, 9ಕ್ಕೆ 2004ರ ಏಪ್ರಿಲ್ 30ಕ್ಕೆ ಬಂದ್ ಅಂತ. ಹವ್ಯಾಸಿಗಳಿಗೆ ಫೆಡೋರಾ ಇದೆ, ವ್ಯವಹಾರದವರು ಎಂಟರ್‌ಪ್ರೈಸ್ ಚಂದಾ ತೆಗೆದುಕೊಳ್ಳಿ. ಸಣ್ಣ ಸರ್ವರ್‌ನ ಅಗ್ಗದ ಚಂದಾ ವರ್ಷಕ್ಕೆ 349 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 16 ಸಾವಿರ ರೂಪಾಯಿ. ಒಂದೇ ಯಂತ್ರವಿದ್ದವನು ಹೇಗೋ ಕಟ್ಟಿಯಾನು, ಐವತ್ತು ಯಂತ್ರವಿದ್ದವನ ಗತಿ?

*

ಐವತ್ತು ಯಂತ್ರ ಅನ್ನೋದು ನಾನು ಸುಮ್ಮನೆ ಹೇಳಿದ್ದಲ್ಲ. ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ ಡಿರಿಡ್ಡರ್ ಅನ್ನುವ ಸಣ್ಣ ಊರಿದೆ. ಅಲ್ಲಿ ಜಿಲ್ಲೆಗೆ ಪ್ಯಾರಿಶ್ ಅನ್ನುತ್ತಾರೆ, ಈ ಊರು ಬ್ಯೂರಿಗಾರ್ಡ್ ಪ್ಯಾರಿಶ್‌ನ ಮುಖ್ಯ ಊರು. ಅಲ್ಲೊಂದು ಸಾರ್ವಜನಿಕ ಗ್ರಂಥಾಲಯ. ಗ್ರಂಥಾಲಯದಲ್ಲಿ ಕೆಲವು ಸರ್ವರ್‌ಗಳು ಮತ್ತು ಐವತ್ತಕ್ಕೂ ಹೆಚ್ಚು ಕಂಪ್ಯೂಟರ್‌ಗಳು ರೆಡ್ ಹ್ಯಾಟ್ ಲಿನಕ್ಸ್ ಮೇಲೆ ನಡೆಯುತ್ತಿದ್ದವು. ಈ ಘೋಷಣೆ ಬಂದ ಮೇಲೆ ಅವರು ಲೆಕ್ಕ ಹಾಕಿ ನೋಡಿದರು. ಸವೆದ ಯಂತ್ರಗಳಿಗೆ ಅವರ ಲೆಕ್ಕದಲ್ಲಿ ಉಳಿದಿದ್ದ ಬೆಲೆಗಿಂತ ವರ್ಷದ ಚಂದಾವೇ ಜಾಸ್ತಿ!

ಗ್ರಂಥಾಲಯದ ಜಾನ್ ಮಾರಿಸ್ ಮೂರನೆಯ ದಾರಿ ಹಿಡಿದ. ಲಿನಕ್ಸ್‌ನ ಬಹುಭಾಗ ಜಿಪಿಎಲ್ ಪರವಾನಗಿಯಲ್ಲಿದೆ. ತಂತ್ರಾಂಶ ಕೊಟ್ಟವರಿಗೆ ಅದರ ಮೂಲ ಸಂಕೇತವನ್ನೂ ಕೊಡಬೇಕು, ಪಡೆದವರು ಅದನ್ನು ಇನ್ನೊಬ್ಬರಿಗೆ ಹಂಚಬಹುದು ಅನ್ನುವುದು ಅದರ ತಿರುಳು. ರೆಡ್ ಹ್ಯಾಟ್ ಅಷ್ಟಕ್ಕೇ ನಿಲ್ಲದೆ ಎಂಟರ್‌ಪ್ರೈಸ್ ಆವೃತ್ತಿಯ ಮೂಲ ಸಂಕೇತವನ್ನೆಲ್ಲ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ತನ್ನ ತಾಣದಲ್ಲಿ ಇಟ್ಟಿತ್ತು. ಮಾರಿಸ್ ಅದನ್ನು ತಂದು, ರೆಡ್ ಹ್ಯಾಟ್ ಅನ್ನುವ ಹೆಸರು, ಟೋಪಿಯ ಚಿತ್ರ ಇರುವಲ್ಲೆಲ್ಲ ತೆಗೆದು, ಮತ್ತೆ ಕಂಪೈಲ್ ಮಾಡಿದ. ಹೇಳೋದು ಸುಲಭ. ಒಂದೇ ಅಡುಗೆ ಪುಸ್ತಕ ನೋಡಿ ಇಬ್ಬರು ಮಾಡಿದ ಬಿಸಿಬೇಳೆಬಾತ್ ಒಂದೇ ರುಚಿ ಇರುತ್ತದೆಯೇ? ಯಾವ ಪೊಟ್ಟಣವನ್ನು ಯಾವುದರ ನಂತರ ಕಟ್ಟಬೇಕು, ಕಟ್ಟುವ ಯಂತ್ರದಲ್ಲಿ ಏನೇನಿರಬೇಕು ಅನ್ನುವ ವಿವರವೆಲ್ಲ ಮೂಲ ಸಂಕೇತದ ಜೊತೆ ಬರೆದಿರುವುದಿಲ್ಲ. ನೂರಾರು ಪೊಟ್ಟಣಗಳನ್ನು ಕಟ್ಟಿ, ಅಸಲಿಯ ಜೊತೆ ಹೋಲಿಸಿ, ಮತ್ತೆ ಕಟ್ಟಬೇಕು.

ಹೀಗೆ ಹುಟ್ಟಿದ್ದು ವೈಟ್ ಬಾಕ್ಸ್ ಎಂಟರ್‌ಪ್ರೈಸ್ ಲಿನಕ್ಸ್. ಬ್ರಾಂಡ್ ಹೆಸರಿಲ್ಲದ, ಬಿಡಿಭಾಗ ಜೋಡಿಸಿದ ಕಂಪ್ಯೂಟರ್‌ಗೆ ಅಲ್ಲಿ ವೈಟ್ ಬಾಕ್ಸ್ ಅನ್ನುತ್ತಾರೆ, ನಮ್ಮ ಎಸ್.ಪಿ. ರೋಡಿನ ಅಸೆಂಬಲ್ಡ್ ಪಿಸಿ ಇದ್ದ ಹಾಗೆ. ಪುಸ್ತಕ ಎರವಲು ಕೊಡುವ ಒಂದು ಜಿಲ್ಲಾ ಗ್ರಂಥಾಲಯ ತನ್ನ ಸ್ವಂತ ಅನುಕೂಲಕ್ಕೆ ಮಾಡಿಕೊಂಡದ್ದನ್ನು ಊರವರಿಗೆಲ್ಲ ಹಂಚಿತು ಅನ್ನೋದು ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಇಷ್ಟವಾದ ಭಾಗ. ಆದರೆ ಅದು ಮುಖ್ಯವಾಗಿ ಒಬ್ಬನ ಕೈಕೆಲಸ. ತೇಪೆಗಳು ತಡವಾಗತೊಡಗಿದವು, ಬಳಸುವವರು ಬೇರೆ ಕಡೆಗೆ ಸರಿದರು, ಕೆಲವೇ ವರ್ಷಗಳಲ್ಲಿ ನಿಂತೂ ಹೋಯಿತು.

ಅದೇ ಹೊತ್ತಿಗೆ ಇನ್ನೂ ಹಲವರು ಇದೇ ಕೆಲಸಕ್ಕೆ ಇಳಿದಿದ್ದರು. ಟಾವೋ ಲಿನಕ್ಸ್ ಅಂತ ಒಂದಿತ್ತು. ಫರ್ಮಿಲ್ಯಾಬ್ ಮತ್ತು ಸರ್ನ್‌ನ ಭೌತವಿಜ್ಞಾನಿಗಳ ಬಳಕೆಗೆ 2004ರಲ್ಲಿ ಸೈಂಟಿಫಿಕ್ ಲಿನಕ್ಸ್ ಬಂತು. 2012ರಲ್ಲಿ ಹಿಗ್ಸ್ ಬೋಸಾನ್ ಸಿಕ್ಕಿತು ಅಂತ ಸರ್ನ್ ಹೇಳಿತಲ್ಲ, ಅಲ್ಲಿನ ಯಂತ್ರಗಳಲ್ಲಿ ಓಡುತ್ತಿದ್ದದ್ದು ಇದೇ ಬಳಗದ್ದು. ಮತ್ತೆ ಗ್ರೆಗರಿ ಕರ್ಟ್ಜರ್‌ನ ಕೇಆಸ್ ಯೋಜನೆಯೊಳಗೆ ರಾಕಿ ಮೆಗಾ ಮುಂತಾದವರು ಸೇರಿ 2004ರಲ್ಲಿ ಹೊರತಂದದ್ದು ಸೆಂಟ್‌ಓಎಸ್ - ಕಮ್ಯುನಿಟಿ ಎಂಟರ್‌ಪ್ರೈಸ್ ಆಪರೇಟಿಂಗ್ ಸಿಸ್ಟಂ. ಇದರಲ್ಲಿ ಒಬ್ಬನ ಬದಲು ಐದಾರು ಜನ ಇದ್ದರು. ಗೆದ್ದದ್ದು ಇದು.

2005ರಲ್ಲಿ ರೆಡ್ ಹ್ಯಾಟ್‌ನ ವಕೀಲರಿಂದ ಸೆಂಟ್‌ಓಎಸ್‌ಗೆ ಪತ್ರ ಬಂತು, ನಮ್ಮ ಟ್ರೇಡ್‌ಮಾರ್ಕ್ ಬಳಸಬೇಡಿ ಅಂತ. ಅಂದಿನಿಂದ ಸೆಂಟ್‌ಓಎಸ್‌ನವರು ತಮ್ಮ ತಾಣದಲ್ಲಿ ರೆಡ್ ಹ್ಯಾಟ್ ಅನ್ನುವ ಬದಲು "ಉತ್ತರ ಅಮೆರಿಕದ ಒಬ್ಬ ಪ್ರಮುಖ ಎಂಟರ್‌ಪ್ರೈಸ್ ಲಿನಕ್ಸ್ ಮಾರಾಟಗಾರ" ಅನ್ನುವ ಅರ್ಥದ ಉದ್ದನೆಯ ಮಾತು ಬರೆಯತೊಡಗಿದರು. ಹಳೇ ಕಾಲದ ಹೆಂಗಸರು ಗಂಡನ ಹೆಸರು ಹೇಳದೆ "ನಮ್ಮನೆಯವರು" ಅನ್ನುತ್ತಿದ್ದರಲ್ಲ, ಥೇಟ್ ಹಾಗೆ :-)

*

ಈಗ ವ್ಯವಹಾರಕ್ಕೆ ಸಂಬಂಧಿಸಿದ ಮುಖ್ಯ ವಿಷಯ. ಸೆಂಟ್‌ಓಎಸ್ ಬಳಸುವವರು ಲಕ್ಷಗಟ್ಟಲೆ ಆದರು. ವೆಬ್ ಹೋಸ್ಟಿಂಗ್ ಕಂಪನಿಗಳು ಅದರ ಮೇಲೆ ನಿಂತವು. ಅದನ್ನು ಕಟ್ಟುವವರು ಮಾತ್ರ ಬಿಡುವಿನ ಹೊತ್ತಿನಲ್ಲಿ ಸಂಬಳವಿಲ್ಲದೆ ದುಡಿಯುವ ಬೆರಳೆಣಿಕೆಯ ಜನ. ಇದು ಎಷ್ಟು ತೆಳುವಾದ ದಾರ ಅಂತ ಎರಡು ಸಲ ಊರಿಗೆಲ್ಲ ಕಾಣಿಸಿತು.

ಮೊದಲ ಸಲ 2009ರ ಜುಲೈ 30ರಂದು. ಸೆಂಟ್‌ಓಎಸ್‌ನ ಸ್ಥಾಪಕರಲ್ಲಿ ಒಬ್ಬನಾದ ಲ್ಯಾನ್ಸ್ ಡೇವಿಸ್‌ಗೆ ಉಳಿದವರು ಒಂದು ಬಹಿರಂಗ ಪತ್ರ ಬರೆದು ತಾಣದ ಮುಖಪುಟದಲ್ಲೇ ಹಾಕಿದರು. ತಾಣದ ಹೆಸರು ಅವನ ಹೆಸರಿನಲ್ಲಿ ನೋಂದಾಯಿತವಾಗಿದೆ, ದೇಣಿಗೆ ಮತ್ತು ಜಾಹೀರಾತಿನ ಹಣ ಬರುವ ಖಾತೆಗಳು ಅವನ ಕೈಯಲ್ಲಿವೆ, ಅವನೋ ಮಾತಿಗೇ ಸಿಗುತ್ತಿಲ್ಲ ಅನ್ನುವುದು ಅದರ ಸಾರ. ಎರಡು ದಿನದಲ್ಲಿ ಅವನು ಸಿಕ್ಕಿದ, ಮಾತುಕತೆಯಾಗಿ ಆಗಸ್ಟ್ 1ಕ್ಕೆ ತಣ್ಣಗಾಯಿತು. ಆದರೆ ಯೋಚನೆ ಮಾಡಿ, ಜಗತ್ತಿನ ಅಷ್ಟೊಂದು ಸರ್ವರ್‌ಗಳಿಗೆ ತೇಪೆ ಬರುವ ದಾರಿ ಒಬ್ಬ ವ್ಯಕ್ತಿ ಡೊಮೇನ್ ನವೀಕರಿಸುವುದರ ಮೇಲೆ ನಿಂತಿತ್ತು!

ಎರಡನೆಯ ಸಲ, 6ನೇ ಆವೃತ್ತಿಯ ಹೊತ್ತಿಗೆ. ರೆಡ್ ಹ್ಯಾಟ್‌ನದ್ದು 2010ರ ನವೆಂಬರ್‌ನಲ್ಲಿ ಬಂತು. ಸೆಂಟ್‌ಓಎಸ್‌ನದ್ದು ಬರಲಿಲ್ಲ, ಬರಲಿಲ್ಲ, ಬರಲೇ ಇಲ್ಲ... ಬಂದದ್ದು 2011ರ ಜುಲೈಗೆ, ಎಂಟು ತಿಂಗಳು ತಡ. ಸೈಂಟಿಫಿಕ್ ಲಿನಕ್ಸ್‌ನವರು ಅದೇ ಕೆಲಸವನ್ನು ಮಾರ್ಚ್ ಹೊತ್ತಿಗೆ ಮುಗಿಸಿದ್ದರು, ಯಾಕೆಂದರೆ ಅಲ್ಲಿ ಇದಕ್ಕಾಗಿಯೇ ಸಂಬಳ ಪಡೆಯುವವರಿದ್ದರು.

ಇನ್ನೊಂದು ಕಡೆ 2006ರ ಅಕ್ಟೋಬರ್‌ನಲ್ಲಿ ಒರೇಕಲ್ ಕೂಡ ಇದೇ ಮೂಲ ಸಂಕೇತ ತಂದು ತನ್ನ ಲಿನಕ್ಸ್ ಮಾಡಿ, ಕಡಿಮೆ ಬೆಲೆಗೆ ಬೆಂಬಲ ಮಾರಲು ಶುರು ಮಾಡಿತ್ತು. ಗ್ರಂಥಾಲಯ ನಕಲು ಮಾಡಿದರೆ ಒಂದು, ಒರೇಕಲ್ ನಕಲು ಮಾಡಿದರೆ ಇನ್ನೊಂದು. 2011ರಲ್ಲಿ ರೆಡ್ ಹ್ಯಾಟ್ ಕರ್ನೆಲ್‌ನ ತೇಪೆಗಳನ್ನು ಬಿಡಿಬಿಡಿಯಾಗಿ ಕೊಡುವುದನ್ನು ನಿಲ್ಲಿಸಿ ಒಟ್ಟಿಗೆ ಬೆರೆಸಿ ಕೊಡತೊಡಗಿತು. ಹೊಲಿದ ಬಟ್ಟೆ ಕೊಡುತ್ತೇವೆ, ಯಾವ ಹೊಲಿಗೆ ಯಾವಾಗ ಹಾಕಿದೆವು ಅಂತ ಹೇಳುವುದಿಲ್ಲ ಅನ್ನೋ ಹಾಗೆ.

2014ರ ಜನವರಿ 7ರಂದು ಎಲ್ಲರಿಗೂ ಆಶ್ಚರ್ಯವಾಗುವ ಸುದ್ದಿ. ಸೆಂಟ್‌ಓಎಸ್ ಮತ್ತು ರೆಡ್ ಹ್ಯಾಟ್ ಕೈ ಜೋಡಿಸಿದವು. ಮುಖ್ಯ ಕೆಲಸಗಾರರಲ್ಲಿ ಹಲವರು ರೆಡ್ ಹ್ಯಾಟ್ ನೌಕರರಾದರು, ಬಿಡುವಿನ ಹೊತ್ತಿನ ಕೆಲಸಕ್ಕೆ ಸಂಬಳ ಬಂತು, ಟ್ರೇಡ್‌ಮಾರ್ಕ್ ರೆಡ್ ಹ್ಯಾಟ್‌ಗೆ ಹೋಯಿತು. ಹೊಸ ಆಡಳಿತ ಮಂಡಳಿಯಲ್ಲಿ ಬಹುಮತ ರೆಡ್ ಹ್ಯಾಟ್‌ನವರದ್ದೇ. ಆಗ ಬಹಳ ಜನ ಸಂತೋಷಪಟ್ಟರು. ದಾರ ದಪ್ಪವಾಯಿತು ಅನ್ನೋದು ನಿಜ, ಆದರೆ ಕತ್ತರಿಯೂ ಅದೇ ಕೈಗೆ ಹೋಗಿತ್ತು.

ಮುಂದಿನದು ಚಕಚಕನೆ. 2018ರ ಅಕ್ಟೋಬರ್‌ನಲ್ಲಿ ಐಬಿಎಂ 34 ಬಿಲಿಯನ್ ಡಾಲರಿಗೆ ರೆಡ್ ಹ್ಯಾಟನ್ನು ಕೊಳ್ಳುವ ಘೋಷಣೆ ಮಾಡಿ 2019ರ ಜುಲೈಗೆ ಕೊಂಡು ಮುಗಿಸಿತು. 2019ರ ಏಪ್ರಿಲ್‌ನಲ್ಲಿ ಫರ್ಮಿಲ್ಯಾಬ್‌ನವರು, ನಾವಿನ್ನು ಸೈಂಟಿಫಿಕ್ ಲಿನಕ್ಸ್ 8 ಮಾಡುವುದಿಲ್ಲ, ಸೆಂಟ್‌ಓಎಸ್ 8 ಇದೆಯಲ್ಲ ಅದನ್ನೇ ಬಳಸುತ್ತೇವೆ ಅಂದರು. ಸೆಪ್ಟೆಂಬರ್‌ನಲ್ಲಿ ಸೆಂಟ್‌ಓಎಸ್ 8 ಬಂತು, 2029ರವರೆಗೆ ತೇಪೆ ಸಿಗುತ್ತದೆ ಅನ್ನುವ ದಿನಾಂಕದೊಂದಿಗೆ.

2020ರ ಡಿಸೆಂಬರ್ 8. ಸೆಂಟ್‌ಓಎಸ್ 8 ಮುಂದಿನ ವರ್ಷ, ಅಂದರೆ 2021ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ ಅನ್ನುವ ಪ್ರಕಟಣೆ. ಹತ್ತು ವರ್ಷ ಅಂದಿದ್ದು ಎರಡೂಕಾಲು ವರ್ಷಕ್ಕೆ ಇಳಿಯಿತು. ಬದಲಿಗೆ ಸೆಂಟ್‌ಓಎಸ್ ಸ್ಟ್ರೀಮ್ ಇರುತ್ತದೆ. ಅದು ರೆಡ್ ಹ್ಯಾಟ್‌ನ ಮುಂದಿನ ಸಣ್ಣ ಆವೃತ್ತಿಯಲ್ಲಿ ಏನು ಬರಲಿದೆಯೋ ಅದು ಮೊದಲು ಇಳಿಯುವ ಜಾಗ. ಸ್ಟ್ರೀಮ್ ಕೆಟ್ಟದ್ದೇನಲ್ಲ, ಫೇಸ್‌ಬುಕ್‌ನಂಥ ದೊಡ್ಡವರು ಅದನ್ನೇ ಬಳಸಿದರು. ಆದರೆ ಅದರ ಆಯುಷ್ಯ ಐದು ವರ್ಷದಷ್ಟು ಮಾತ್ರ. ಅಸಲಿಯ ತದ್ರೂಪಿ ಬೇಕು, ಅದನ್ನು ಯಾರೂ ಮುಟ್ಟಬಾರದು ಅನ್ನುವವರಿಗೆ ಅದರಿಂದ ಉಪಯೋಗವಿಲ್ಲ.

ವಿಪರ್ಯಾಸ ನೋಡಿ. ಹೊಸದು ಹೆಚ್ಚು ದಿನ ಬಾಳುತ್ತದೆ ಅಂತ ಮುತುವರ್ಜಿಯಿಂದ 8ಕ್ಕೆ ಏರಿದವರು ಒಂದೇ ವರ್ಷದಲ್ಲಿ ಗಂಟುಮೂಟೆ ಕಟ್ಟಬೇಕಾಯಿತು. ಸೋಮಾರಿತನದಿಂದ 7ರಲ್ಲೇ ಕೂತವರಿಗೆ ಮೊದಲು ಹೇಳಿದ್ದ 2024ರ ಜೂನ್ 30ರವರೆಗೂ ತೇಪೆ ಬಂತು. ಹಳೇ ಗಂಡನ ಪಾದವೇ ಗತಿ!

*

ಆ ಪ್ರಕಟಣೆಯ ಕೆಳಗೇ, ಅದೇ ದಿನ, ಹದಿನಾರು ವರ್ಷದ ಹಿಂದಿನ ಗ್ರೆಗರಿ ಕರ್ಟ್ಜರ್ ಒಂದು ಪ್ರತಿಕ್ರಿಯೆ ಬರೆದ. ನಾನು ಮತ್ತೆ ಮೊದಲಿನಿಂದ ಕಟ್ಟಲು ಯೋಚಿಸುತ್ತಿದ್ದೇನೆ, ಯಾರು ಬರುತ್ತೀರಿ ಅನ್ನುವ ಧಾಟಿಯಲ್ಲಿ. ಹೊಸದಕ್ಕೆ ರಾಕಿ ಅಂತ ಹೆಸರಿಟ್ಟ. ಜೊತೆಗೆ ಸೆಂಟ್‌ಓಎಸ್ ಶುರು ಮಾಡಿದ ರಾಕಿ ಮೆಗಾ ಅದರ ಯಶಸ್ಸನ್ನು ನೋಡುವ ಮುಂಚೆಯೇ ತೀರಿಕೊಂಡಿದ್ದ. ತಂತ್ರಾಂಶ ಲೋಕದಲ್ಲಿ ಇಂಥ ನೆನಪುಗಳು ಅಪರೂಪ. ರಾಕಿ ಲಿನಕ್ಸ್ 2021ರ ಜೂನ್‌ನಲ್ಲಿ ಬಂತು. ಅದಕ್ಕೂ ಮೊದಲೇ, ಮಾರ್ಚ್ 30ಕ್ಕೆ, ಹೋಸ್ಟಿಂಗ್ ಕಂಪನಿಗಳಿಗೆ ಲಿನಕ್ಸ್ ಮಾರುವ ಕ್ಲೌಡ್‌ಲಿನಕ್ಸ್‌ನವರ ಆಲ್ಮಾಲಿನಕ್ಸ್ ಬಂದಿತ್ತು. ವರ್ಷಕ್ಕೆ ಹತ್ತು ಲಕ್ಷ ಡಾಲರ್ ಕೊಡುತ್ತೇವೆ ಅಂದ ಕ್ಲೌಡ್‌ಲಿನಕ್ಸ್, ಅದನ್ನು ತನ್ನ ಕೈಯಲ್ಲಿ ಇಟ್ಟುಕೊಳ್ಳದೆ ಲಾಭವಿಲ್ಲದ ಪ್ರತಿಷ್ಠಾನಕ್ಕೆ ಒಪ್ಪಿಸಿತು. ರೆಡ್ ಹ್ಯಾಟ್ ಕೂಡ ಸಮಾಧಾನಕ್ಕೆ ಅನ್ನುವಂತೆ 2021ರ ಆರಂಭದಲ್ಲಿ, ವೈಯಕ್ತಿಕ ಡೆವಲಪರ್ ಚಂದಾದಲ್ಲಿ 16 ಯಂತ್ರಗಳವರೆಗೆ ಉಚಿತ ಅಂದಿತು.

ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ 2023ರ ಜೂನ್ 21. ಎಂಟರ್‌ಪ್ರೈಸ್ ಲಿನಕ್ಸ್‌ನ ಮೂಲ ಸಂಕೇತ ಇನ್ನು ಸಾರ್ವಜನಿಕರಿಗೆ ಸಿಗುವುದು ಸ್ಟ್ರೀಮ್‌ನಲ್ಲಿ ಮಾತ್ರ, ಅಸಲಿಯದ್ದು ಗ್ರಾಹಕರಿಗಷ್ಟೇ ಅಂತ ರೆಡ್ ಹ್ಯಾಟ್ ಹೇಳಿತು. ಇದಕ್ಕೆ ಜಿಪಿಎಲ್ ಅಡ್ಡಿಯಿಲ್ಲ, ತಂತ್ರಾಂಶ ಪಡೆದವರಿಗೆ ಮೂಲ ಕೊಟ್ಟರೆ ಸಾಕು. ಆ ಗ್ರಾಹಕ ಇನ್ನೊಬ್ಬರಿಗೆ ಹಂಚಬಹುದಲ್ಲ? ಹಂಚಬಹುದು, ಆದರೆ ಹಂಚಿದವನ ಚಂದಾ ರದ್ದು ಮಾಡಲು ಕಂಪನಿಯ ಒಪ್ಪಂದದಲ್ಲಿ ದಾರಿಯಿದೆ. ನನಗಂತೂ ಇದು ಕಾನೂನಿನ ಅಕ್ಷರಕ್ಕೆ ಸರಿಯಾಗಿಯೂ ಅದರ ಆಶಯಕ್ಕೆ ಬೆನ್ನು ತಿರುಗಿಸಿದ ಹಾಗೆ ಕಾಣುತ್ತದೆ. ಅವರ ವಾದವನ್ನೂ ಹೇಳಿಬಿಡಬೇಕು. ಹತ್ತು ವರ್ಷ ತೇಪೆ ಹೊಲಿಯುವವರಿಗೆ ನಾವು ಸಂಬಳ ಕೊಡುತ್ತೇವೆ, ಹೆಸರು ಬದಲಿಸಿ ಮಾರುವವರು ತಿರುಗಿ ಏನು ಕೊಡುತ್ತಾರೆ ಅಂತ. ಈ ಪ್ರಶ್ನೆಯಲ್ಲಿ ಹುರುಳಿಲ್ಲ ಅನ್ನಲಾರೆ. ಆದರೆ ಆ ಗ್ರಂಥಾಲಯವನ್ನೂ ಒರೇಕಲನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗಿದರೆ ಹೇಗೆ?

ಇಲ್ಲಿಂದ ಮುಂದೆ ಇಬ್ಬರ ದಾರಿ ಬೇರೆಯಾಯಿತು. ರಾಕಿಯವರು ಕಂಟೇನರ್ ಮತ್ತು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಕ್ಲೌಡ್ ಯಂತ್ರಗಳ ಮೂಲಕ ಮೂಲ ಸಂಕೇತ ಪಡೆಯುವ ದಾರಿ ಹುಡುಕಿಕೊಂಡು ತದ್ರೂಪಿಯಾಗಿಯೇ ಉಳಿಯುತ್ತೇವೆ ಅಂದರು. ಆಲ್ಮಾದವರು ಜುಲೈನಲ್ಲಿ, ಅಕ್ಷರಶಃ ತದ್ರೂಪಿ ಆಗುವ ಗುರಿ ಬಿಟ್ಟಿದ್ದೇವೆ, ರೆಡ್ ಹ್ಯಾಟ್ ಮೇಲೆ ಓಡುವ ತಂತ್ರಾಂಶ ನಮ್ಮಲ್ಲೂ ಹಾಗೇ ಓಡಿದರೆ ಸಾಕು ಅಂದರು. ಆಗಸ್ಟ್‌ನಲ್ಲಿ ಒರೇಕಲ್, ಸೂಸೆ ಮತ್ತು ಕರ್ಟ್ಜರ್‌ನ ಸಿಐಕ್ಯೂ ಸೇರಿ ಮೂಲ ಸಂಕೇತ ಹಂಚಲು ಓಪನ್‌ಇಎಲ್‌ಎ ಅನ್ನುವ ಸಂಘ ಕಟ್ಟಿದವು.

*

ಈ ಗಲಾಟೆಯ ನಡುವೆಯೇ ನಾನು ನೋಡಿಕೊಳ್ಳುವ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಐದು ಸರ್ವರ್‌ಗಳಿಗೆ ಹೊಸ ಲಿನಕ್ಸ್ ಆರಿಸಬೇಕಾಗಿ ಬಂತು. ಎಲ್ಲವೂ ಸೆಂಟ್‌ಓಎಸ್ 7, ಮುಗಿಯಲು ಒಂದು ವರ್ಷ ಇತ್ತು. ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರಿಗೆ ನಾನು ಮೇಲಿನದೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದಿಟ್ಟು, "ಅಲ್ಲಪ್ಪಾ, 2029ರ ತನಕ ಅಂತ ಹಾಕಿದ್ದರು ಅಂದೆಯಲ್ಲ, ಎಲ್ಲಿ ಬರೆದು ಕೊಟ್ಟಿದ್ದರು?" ಅಂದರು.

"ವೆಬ್‌ಸೈಟಿನಲ್ಲಿ ಹಾಕಿದ್ದರು ಸಾರ್."

"ಒಪ್ಪಂದ?"

"ಒಪ್ಪಂದ ಇಲ್ಲ ಸಾರ್, ಪುಕ್ಕಟೆ ಅಲ್ಲವಾ..."

"ಹಂಗಾದರೆ ಅದು ಮಾತು ಕೊಟ್ಟಂಗೆ ಅಲ್ಲ, ನೋಟೀಸ್ ಬೋರ್ಡು. ಈಗ ಆರಿಸ್ತಿದೀಯಲ್ಲ, ಅದರಲ್ಲಿ ಯಾರು ಬರೆದು ಕೊಡ್ತಾರೆ, ಕೊಡದಿದ್ದರೆ ನಮಗೆ ಬೇರೆ ದಾರಿ ಏನಿದೆ, ಅದನ್ನ ಒಂದು ಹಾಳೆಯಲ್ಲಿ ಬರಕೊಂಡು ಬಾ."

ಕಂಪ್ಯೂಟರ್ ಬಗ್ಗೆ ಅವರಿಗೆ ಹೆಚ್ಚು ಗೊತ್ತಿಲ್ಲ, ಆದರೆ ನಾನು ಓದಿದ ಯಾವ ಹೋಲಿಕೆಯ ಪಟ್ಟಿಯಲ್ಲೂ ಈ ಎರಡು ಪ್ರಶ್ನೆ ಇಷ್ಟು ಚೊಕ್ಕವಾಗಿ ಇರಲಿಲ್ಲ. ಆ ಪಟ್ಟಿಗಳು ವೇಗ ಹೋಲಿಸುತ್ತವೆ, ಪೊಟ್ಟಣಗಳ ಸಂಖ್ಯೆ ಹೋಲಿಸುತ್ತವೆ. ರೆಡ್ ಹ್ಯಾಟ್, ರಾಕಿ, ಆಲ್ಮಾ, ಒರೇಕಲ್ ಇವುಗಳ ನಡುವೆ ಅದರಲ್ಲೆಲ್ಲ ದೊಡ್ಡ ವ್ಯತ್ಯಾಸವೇ ಇಲ್ಲ.

ಹಾಳೆ ಬರೆದೆ. ಡೇಟಾಬೇಸ್ ಸರ್ವರ್‌ಗೆ ರೆಡ್ ಹ್ಯಾಟ್ ಚಂದಾ, ಯಾಕೆಂದರೆ ಆ ತಂತ್ರಾಂಶ ಮಾರಿದವರು ಪಟ್ಟಿಯಲ್ಲಿರುವ ಲಿನಕ್ಸ್ ಆದರೆ ಮಾತ್ರ ಫೋನ್ ಎತ್ತುತ್ತಾರೆ. ಪಟ್ಟಿಯಲ್ಲಿ ಸೂಸೆ ಕೂಡ ಇತ್ತು. ಸೂಸೆಯ ಎಂಟರ್‌ಪ್ರೈಸ್ ಸರ್ವರ್ 2000ದಲ್ಲಿ ಐಬಿಎಂ ಮೇನ್‌ಫ್ರೇಮಿಗಾಗಿ ಬಂದದ್ದು, ರೆಡ್ ಹ್ಯಾಟ್‌ನದ್ದಕ್ಕಿಂತ ಹಳೆಯದು. ಆ ಕಂಪನಿ ನೋವೆಲ್, ಅಟ್ಯಾಚ್‌ಮೇಟ್, ಮೈಕ್ರೋ ಫೋಕಸ್, ಇಕ್ಯೂಟಿ ಅಂತ ಕೈಯಿಂದ ಕೈಗೆ ಹೋದರೂ ಎಂಟರ್‌ಪ್ರೈಸ್ ಸಾಲು ನಿಲ್ಲಲಿಲ್ಲ. ಬೆಂಗಳೂರಿನಲ್ಲಿ ಅದನ್ನು ಬಲ್ಲ ಹುಡುಗರು ಕಡಿಮೆ ಸಿಗುತ್ತಾರೆ ಅನ್ನುವುದೊಂದೇ ಕಾರಣಕ್ಕೆ ಬಿಟ್ಟೆ. ಸಣ್ಣ ಕಂಪನಿಗೆ ಇದು ಸಣ್ಣ ಕಾರಣವಲ್ಲ.

ಫೈಲ್ ಸರ್ವರ್ ಮತ್ತು ಒಳಗಿನ ಎರಡು ವೆಬ್ ಸರ್ವರ್‌ಗೆ ಆಲ್ಮಾ. ಅದೂ ಬರೆದು ಕೊಡುವುದಿಲ್ಲ ನಿಜ, ಆದರೆ ಅದರ ಪ್ರತಿಷ್ಠಾನಕ್ಕೆ ಸದಸ್ಯರು ಚುನಾಯಿಸಿದ ಮಂಡಳಿಯಿದೆ, ಒಬ್ಬ ದಾನಿ ಕೈಬಿಟ್ಟರೂ ಹೆಸರು, ತಾಣ ಅವನ ಜೇಬಿನಲ್ಲಿ ಹೋಗುವುದಿಲ್ಲ. 2009 ಮತ್ತು 2020 ಎರಡನ್ನೂ ನೋಡಿದ ಮೇಲೆ ನಾನು ಮೊದಲು ನೋಡುವುದು ಅದನ್ನೇ. 2022ರ ಡಿಸೆಂಬರ್‌ನಲ್ಲಿ ಸರ್ನ್ ಮತ್ತು ಫರ್ಮಿಲ್ಯಾಬ್ ಕೂಡ ಆಲ್ಮಾ ಶಿಫಾರಸು ಮಾಡಿದ್ದು ಧೈರ್ಯ ಕೊಟ್ಟಿತು. ರಾಕಿ ಹಾಕಿದ್ದರೂ ಕೆಲಸ ನಡೆಯುತ್ತಿತ್ತು. ಆಲ್ಮಾದಿಂದ ರಾಕಿಗೆ, ಎರಡರಿಂದ ಒರೇಕಲ್‌ಗೆ ಅಥವಾ ರೆಡ್ ಹ್ಯಾಟ್‌ಗೆ ಯಂತ್ರವನ್ನು ಅಳಿಸದೆ ಬದಲಿಸುವ ಸ್ಕ್ರಿಪ್ಟ್‌ಗಳಿವೆ. ಹಿರಿಯರ ಎರಡನೆಯ ಪ್ರಶ್ನೆಗೆ ಅದೇ ಉತ್ತರ.

ಐದನೆಯದು, ಬ್ಯಾಕಪ್ ಇಡುವ ಯಂತ್ರ, ಅದಕ್ಕೆ ಡೆಬಿಯನ್ ಹಾಕಿದೆ. ಎಲ್ಲ ಮೊಟ್ಟೆ ಒಂದೇ ಬುಟ್ಟಿಯಲ್ಲಿ ಬೇಡ ಅಂತ. 1993ರಿಂದ ಯಾವ ಕಂಪನಿಯ ಸ್ವತ್ತೂ ಆಗದೆ, ತಾನೇ ಬರೆದುಕೊಂಡ ಸಂವಿಧಾನದ ಪ್ರಕಾರ ಚುನಾವಣೆ ನಡೆಸಿಕೊಂಡು ಬಂದಿರುವ ಲಿನಕ್ಸ್ ಅದು. ಆಯುಷ್ಯ ಮೂರು ವರ್ಷ, ಮೇಲೆ ಎರಡು ವರ್ಷ ದೀರ್ಘಾವಧಿ ತೇಪೆ. ಹತ್ತು ವರ್ಷ ಮುಟ್ಟದೆ ಇರಬೇಕು ಅನ್ನುವವರಿಗೆ ಸಾಲದು, ಆದರೆ ಹೇಳಿದಷ್ಟು ದಿನ ಇರುತ್ತದೆ. ಉಬುಂಟು ಬಗ್ಗೆ ಕೇಳುವವರಿಗೆ, ಅದರ ಎಲ್‌ಟಿಎಸ್ ಆವೃತ್ತಿಗಳಿಗೆ ಐದು ವರ್ಷ ಪುಕ್ಕಟೆ, ಪ್ರೋ ಚಂದಾ ಇದ್ದರೆ ಹತ್ತು. ಕ್ಲೌಡ್‌ನಲ್ಲಿ ಕೆಲಸ ಮಾಡುವವರು ಅದನ್ನೇ ಆರಿಸಿದರೆ ನಾನು ಬೇಡ ಅನ್ನುವುದಿಲ್ಲ.

2025ರಲ್ಲಿ 10ನೇ ಆವೃತ್ತಿಗಳು ಬಂದಾಗ ಇನ್ನೊಂದು ಬದಲಾವಣೆ ಆಯಿತು, ಹಳೆಯ ಯಂತ್ರ ಇಟ್ಟುಕೊಂಡವರು ಗಮನಿಸಿ. ರೆಡ್ ಹ್ಯಾಟ್ 10 ಮತ್ತು ರಾಕಿ 10 ಇಂಟೆಲ್‌ನ ಹ್ಯಾಸ್ವೆಲ್‌ಗಿಂತ ಹಿಂದಿನ ಪ್ರೊಸೆಸರ್‌ಗಳಲ್ಲಿ, ಅಂದರೆ ಸುಮಾರು 2013ಕ್ಕಿಂತ ಹಳೆಯ ತಲೆಮಾರಿನ ಸರ್ವರ್‌ಗಳಲ್ಲಿ, ಓಡುವುದಿಲ್ಲ. ಆಲ್ಮಾದವರು ಆ ಹಳೆಯ ಯಂತ್ರಗಳಿಗಾಗಿಯೇ ಬೇರೆ ಒಂದು ಕಟ್ಟು ಹಾಕಿ ಕೊಟ್ಟಿದ್ದಾರೆ. ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಸರ್ವರ್ ಕೊಳ್ಳುವವರು ಪ್ರೊಸೆಸರ್ ಹೆಸರು ನೋಡಿಕೊಂಡು ಕೊಳ್ಳಿ.

ಕೊನೆಗೆ ಒಂದು ವಿಷಯ. ಈಗಲೂ ಸೆಂಟ್‌ಓಎಸ್ 7 ಓಡಿಸುತ್ತಿರುವ ಆಫೀಸುಗಳು ಇವೆ ಅಂತ ನನಗೆ ಬರುವ ಫೋನ್‌ಗಳಿಂದಲೇ ಗೊತ್ತಾಗುತ್ತದೆ. ಅಲ್ಲಿ ಯಮ್ ಆಜ್ಞೆ ಕೊಟ್ಟರೆ ಮಿರರ್ ಪಟ್ಟಿ ಸಿಗಲಿಲ್ಲ ಅಂತ ದೋಷ ಬರುತ್ತದೆ. ನಿಮ್ಮ ನೆಟ್‌ವರ್ಕ್ ಕೆಟ್ಟಿಲ್ಲ, ಅವಧಿ ಮುಗಿದ ಮೇಲೆ ಆ ಪಟ್ಟಿಯನ್ನೇ ಮುಚ್ಚಿದ್ದಾರೆ. ಹಳೆಯ ಪೊಟ್ಟಣಗಳು ವಾಲ್ಟ್ ಅನ್ನುವ ಉಗ್ರಾಣದಲ್ಲಿ ಇನ್ನೂ ಇವೆ, ರೆಪೊ ಫೈಲಿನಲ್ಲಿ ವಿಳಾಸ ಅಲ್ಲಿಗೆ ತಿರುಗಿಸಬೇಕು. ಆಮೇಲೆ ಆಲ್ಮಾದವರ ಎಲಿವೇಟ್ ಸಾಧನ ಬಳಸಿ 8ಕ್ಕೆ, ಅಲ್ಲಿಂದ 9ಕ್ಕೆ ಮೆಟ್ಟಿಲು ಹತ್ತಬಹುದು. ಮೊದಲು ಬ್ಯಾಕಪ್ ತೆಗೆದುಕೊಂಡು, ಅದನ್ನು ಬೇರೊಂದು ಯಂತ್ರದಲ್ಲಿ ಬಿಚ್ಚಿ ನೋಡಿ, ಆಮೇಲೆ ಹತ್ತಿ. ಯಾರಾದರೂ ಈಗಾಗಲೇ ಹತ್ತಿದ್ದರೆ ಎಲ್ಲಿ ಸಿಕ್ಕಿಕೊಂಡಿತು ಅಂತ ಕೆಳಗೆ ಬರೆಯಿರಿ, ಉಳಿದವರಿಗೂ ಅನುಕೂಲವಾಗುತ್ತದೆ.